ಕಾಂಡ್ಲಕ್ಕೆ ಯಾವ ಬಣ್ಣ

ನಕ್ಷೆಯ ಕೆಲಸಕ್ಕೆ ಈಗ ಸೇರುವ ಹುಡುಗಿಯರ ಕೈ ಬೆವರಿದರೆ ಏನೂ ಆಗುವುದಿಲ್ಲ. ಮೌಸನ್ನು ಒರೆಸಿಕೊಂಡರೆ ಮುಗಿಯಿತು. ನಮ್ಮ ಕಾಲದಲ್ಲಿ ಒಂದು ಹನಿ ಬೆವರು ಬಿದ್ದರೆ ಒಂದು ತೋಟವೇ ಹೋಗುತ್ತಿತ್ತು. ಗೆರೆ ಎಳೆಯಲಿಕ್ಕೆ ಟ್ರೇಸಿಂಗ್ ಕ್ಲಾತ್ ಅಂತ ಒಂದು ಬಟ್ಟೆ, ಬಣ್ಣ ಮಾತ್ರ ಕಾಗದದ ಮೇಲೆ. ನಯವಾದ ಬಟ್ಟೆಗೆ ದಪ್ಪ ಗಂಜಿ ಕೊಟ್ಟು, ಉಜ್ಜಿ, ಗಾಜಿನ ಹಾಗೆ ಮಾಡಿರುತ್ತಿದ್ದರು. ಅದರ ಮೇಲೆ ನೀರು ಬಿತ್ತೋ, ಗಂಜಿ ಎದ್ದು ಬಿಳಿ ಗುಳ್ಳೆ. ಮಂಗಳೂರಿನ ಮೇ ತಿಂಗಳಿನಲ್ಲಿ, ಬಂದರಿನ ಒಂದು ಹೆಂಚಿನ ಮಾಡಿನ ಕೆಳಗೆ, ಕಿಟಕಿ ತೆರೆದರೆ ಕಾಗದ ಹಾರುತ್ತದೆ, ಮುಚ್ಚಿದರೆ ನಾವು ಬೇಯುತ್ತೇವೆ. ಕೈಯ ಅಡಿಗೆ ಬ್ಲಾಟಿಂಗ್ ಪೇಪರ್, ಹಣೆಗೆ ಕರ್ಚೀಫು ಕಟ್ಟಿಕೊಂಡು ಕೂತಿರುತ್ತಿದ್ದೆ. ಹಾಳಾದ ಬಟ್ಟೆಯನ್ನು ಮನೆಗೆ ತಂದರೆ ಮಮ್ಮಾ ಗಂಜಿ ತೊಳೆದು, ಅಂಚು ಹೊಲಿದು, ಅದರಿಂದ ಇನ್ನಷ್ಟು ಕರ್ಚೀಫು ಮಾಡುತ್ತಿದ್ದಳು. ಅತ್ತಾವರದ ನಮ್ಮ ನೆರೆಮನೆಯವರು ಇಗರ್ಜಿಯಲ್ಲಿ ನದಿಗಳ ಗೆರೆ ಇದ್ದ ಕರ್ಚೀಫಿನಲ್ಲಿ ಮೂಗು ಒರೆಸಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದು ನನ್ನ ಪೆನ್ಶನ್ ಕಾಗದದಲ್ಲಿ ಉಂಟು. ಅದು ಅಲ್ಲೇ ಇರಲಿ. ನನ್ನ ಮೊದಲನೇ ನಕ್ಷೆಯ ಕತೆ ಹೇಳ್ತೇನೆ. ಆಮೇಲೆ ಎಷ್ಟೋ ಮಾಡಿದೆ, ಆದರೆ ಅದರ ಹಾಗೆ ಎದೆ ಹೊಡೆದುಕೊಂಡದ್ದು ಮತ್ತೊಂದಿಲ್ಲ.

ಯುದ್ಧದ ಕಾಲ. ನಾನು ಕಾನ್ವೆಂಟಿನಿಂದ ಹೊರಗೆ ಬಂದು ಹೆಚ್ಚು ದಿನ ಆಗಿರಲಿಲ್ಲ. ಅಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ಸಿಸ್ಟರ್ ನನಗೆ ಫ್ಲಾಟ್ ವಾಶ್ ಕಲಿಸಿದ್ದರು. ಹಲಗೆಯನ್ನು ಸ್ವಲ್ಪ ಓರೆ ಇಟ್ಟು, ಬ್ರಶ್ಶಿನಲ್ಲಿ ಬಣ್ಣ ತುಂಬಿಸಿ, ಮೇಲಿನಿಂದ ಕೆಳಗೆ ಒಂದೇ ಸಮ ಇಳಿಸುವುದು. ಅಷ್ಟು ಗೊತ್ತಿದ್ದದ್ದಕ್ಕೆ ಕೆಲಸ ಸಿಕ್ಕಿತು. ಕಚೇರಿ ತಾತ್ಕಾಲಿಕದ್ದು, ಯುದ್ಧಕ್ಕಾಗಿ ತೆರೆದದ್ದು. ದೊಡ್ಡವರು ಹ್ಯಾಲಿಡೇ ದೊರೆ, ಬಾಟನಿ ಓದಿದ ಇಂಗ್ಲಿಷಿನವರು. ಅವರ ಕೆಳಗೆ ಹೆಡ್ ಡ್ರಾಫ್ಟ್ಸ್‌ಮನ್ ಉಪಾಧ್ಯರು. ದೇವಸ್ಥಾನದ ಪೂಜೆಯ ಮನೆತನದವರು, ಬೆಳಿಗ್ಗೆ ಅಣ್ಣನ ಪಾಳಿಗೆ ಪೂಜೆ ಬಿಟ್ಟುಕೊಟ್ಟು ಕಚೇರಿಗೆ ಬರುವವರು. ಬಾಯಲ್ಲಿ ಯಾವಾಗಲೂ ವೀಳ್ಯ. ಅವರ ಗೆರೆ ಮಾತ್ರ ಕೂದಲಿನ ಹಾಗೆ. ನನ್ನನ್ನು ಕಂಡ ದಿನವೇ ಕೇಳಿದರು, "ಮಿಸ್ಸು, ನಿಮಗೆ ಹೂಗುಚ್ಛ ಬರೆದು ಅಭ್ಯಾಸ ಅಲ್ವಾ? ಇಲ್ಲಿ ಹೂ ಇಲ್ಲ ಮಾರಾಯ್ರೆ, ಬರೀ ಹುಲ್ಲು."

ಹ್ಯಾಲಿಡೇ ದೊರೆ ಹಿಂದೆ ಮೆಡಿಟರೇನಿಯನ್ ಸಮುದ್ರದ ಒಂದು ದ್ವೀಪದಲ್ಲಿ ಇದ್ದವರು. ಅಲ್ಲಿ ಗುಡ್ಡ ಗುಡ್ಡ ಹತ್ತಿ, ಯಾವ ಇಳಿಜಾರಿನಲ್ಲಿ ಏನು ತಾನಾಗಿ ಬೆಳೆದಿದೆ, ಎಲ್ಲಿ ಜನ ಏನು ಬೆಳೆಸಿದ್ದಾರೆ ಎಂದು ನಕ್ಷೆ ಮಾಡಿದ್ದರು. ಅದನ್ನು ತಗಡಿನ ಕೊಳವೆಯಲ್ಲಿ ಸುತ್ತಿ ತಂದಿದ್ದರು. ಒಂದು ದಿನ ಮೇಜಿನ ಮೇಲೆ ಬಿಡಿಸಿದರು. ನಾನು ಜಿಯಾಗ್ರಫಿಯಲ್ಲಿ ರಾಜಧಾನಿಗಳನ್ನು ಬಾಯಿಪಾಠ ಮಾಡಿದವಳು. ಒಂದು ದ್ವೀಪ ಏನು ಉಟ್ಟುಕೊಂಡಿದೆ ಎಂದು ಬರೆಯಬಹುದು ಅಂತ ನನಗೆ ಗೊತ್ತೇ ಇರಲಿಲ್ಲ. ಪೈನ್ ಕಾಡಿಗೆ ಕಡು ನೀಲಿ, ಮುಳ್ಳುಪೊದೆಗೆ ತಿಳಿ ನೀಲಿ. ತಾನಾಗಿ ಬಂದದ್ದೆಲ್ಲ ನೀಲಿಯ ಕಡೆ. ಆಲಿವ್, ಗೋಧಿ, ಜನ ನೆಟ್ಟದ್ದೆಲ್ಲ ಹಳದಿಯ ಕಡೆ. ದ್ರಾಕ್ಷಿ ತೋಟ ಮಾತ್ರ ಕೆಂಪು. ಊಟದ ಗಂಟೆ ಮೀರಿದರೂ ನಾನು ಆ ಮೇಜು ಬಿಟ್ಟು ಏಳಲಿಲ್ಲ.

"ಮಿಸ್ ಪಿಂಟೊ, ಇದೇ ಕೀ. ಇದೇ ಬಣ್ಣದಲ್ಲಿ ನಿಮ್ಮ ನದಿಯ ದ್ವೀಪಗಳನ್ನು ಮಾಡುವುದು," ಅಂದರು. ಕೀ ಅಂದರೆ ಯಾವುದಕ್ಕೆ ಯಾವ ಬಣ್ಣ ಎಂಬ ಪಟ್ಟಿ.

ನದಿಯ ದ್ವೀಪ ಅಂದರೆ ನಮ್ಮ ಕುದ್ರು. ಕೂಳೂರಿನ ಸೇತುವೆಯ ಮೇಲೆ ಬಸ್ಸಿನಲ್ಲಿ ಹೋಗುವಾಗ ನೀವು ನೋಡಿರುತ್ತೀರಿ, ನೀರಿನ ನಡುವೆ ತೆಂಗಿನ ಮರದ ತುಂಡು ಭೂಮಿ. ಆಗ ಸೇತುವೆ ಇಲ್ಲ, ದೋಣಿಯೇ. ನಕ್ಷೆ ಯಾಕೆ ಬೇಕಾಗಿತ್ತು ಅಂದರೆ, ಯುದ್ಧದಿಂದಾಗಿ ಊರಿಗೆ ಕಟ್ಟಿಗೆ ಸಾಲುತ್ತಿರಲಿಲ್ಲ. ಕುದ್ರುಗಳಲ್ಲಿ ತಾನಾಗಿ ಬೆಳೆದ ಮರ ಎಷ್ಟಿದೆ ನೋಡಿ ಕಡಿಯಲಿಕ್ಕೆ ಗುತ್ತಿಗೆ ಕೊಡುವುದು, ಜನ ನೆಟ್ಟು ಬೆಳೆಸಿದ್ದನ್ನು ಮುಟ್ಟದೆ ಬಿಡುವುದು, ಇದು ಮೇಲಿನ ಆರ್ಡರ್. ಅಂದರೆ ನಾನು ನೀಲಿ ಹಾಕಿದ್ದಕ್ಕೆಲ್ಲ ಕೊಡಲಿ ಬೀಳುತ್ತದೆ, ಹಳದಿ ಹಾಕಿದ್ದು ಉಳಿಯುತ್ತದೆ. ಬ್ರಶ್ಶು ಹಿಡಿದಾಗ ಇದು ತಲೆಗೆ ಹೋಗಿರಲಿಲ್ಲ. ಕುದ್ರುವಿಗೆ ಕಾಲಿಟ್ಟಾಗ ಹೋಯಿತು.

ಮೊದಲ ಸಲ ಹೋದದ್ದು ಬೇಸಿಗೆಯಲ್ಲಿ, ಹತ್ತಿರದ ಬೆಂಗ್ರೆ ಎಂಬ ಊರಿನವರ ದೋಣಿಯಲ್ಲಿ. ನಾನು ಬಿಳಿ ಸೀರೆ ಉಟ್ಟು, ಕಾನ್ವೆಂಟಿನ ಕಪ್ಪು ಶೂ ಹಾಕಿಕೊಂಡಿದ್ದೆ. ಇಳಿದ ಕೂಡಲೇ ಒಂದು ಶೂ ಕೆಸರಿನೊಳಗೆ ಹೋಯಿತು. ದಡದಲ್ಲಿ ನಿಂತಿದ್ದ ಹೆಂಗಸು ಸೆರಗು ಸಿಕ್ಕಿಸಿ, ತೋಳಿನವರೆಗೆ ಕೈ ಹಾಕಿ, ಅದನ್ನು ಎಳೆದು ತೆಗೆದು, ತೊಳೆದು, ಬಿಸಿಲಿಗೆ ಬೋರಲು ಇಟ್ಟರು.

"ಬಾಯಿ, ಇಲ್ಲಿನ ಕೆಸರಿಗೆ ಇಂಗ್ಲಿಷ್ ಬರುವುದಿಲ್ಲ," ಅಂದರು ತುಳುವಿನಲ್ಲಿ. ಕ್ರಿಶ್ಚಿಯನ್ ಹೆಂಗಸರನ್ನು ನಮ್ಮ ಕಡೆ ಬಾಯಿ ಅಂತಲೇ ಕರೆಯುವುದು.

ಅವರೇ ಅಪ್ಪಿಯಕ್ಕ. ಕುದ್ರುವಿನ ಗದ್ದೆ, ತೋಟ ಎಲ್ಲ ಅವರ ಕೈಯಲ್ಲಿ. ಅಳಿಯಕಟ್ಟಿನ ಮನೆ, ತಾಯಿಯಿಂದ ಮಗಳಿಗೆ ಬಂದ ಭೂಮಿ. ಗಂಡಸರು ದೋಣಿಯಲ್ಲಿ ಇರುತ್ತಿದ್ದರು, ಮಣ್ಣು ಹೆಂಗಸರದ್ದು.

ಹ್ಯಾಲಿಡೇ ದೊರೆಯ ಮೆಡಿಟರೇನಿಯನ್ ಕೀ ಆ ದಿನ ಮಧ್ಯಾಹ್ನಕ್ಕೇ ತಡವರಿಸಿತು. ಅವರ ದ್ವೀಪದಲ್ಲಿ ಆಲಿವ್ ಮರದ ಕೆಳಗೆ ಬಾರ್ಲಿ ಇರುತ್ತದೆ, ಇಲ್ಲವಾದರೆ ಬರೀ ನೆಲ. ಇಲ್ಲಿ ಒಂದು ತೆಂಗು. ತೆಂಗಿಗೆ ಹಬ್ಬಿದ ಒಳ್ಳೆಮೆಣಸು. ಬುಡದಲ್ಲಿ ಗೆಣಸು. ಪಕ್ಕದ ಚಪ್ಪರಕ್ಕೆ ಬಸಳೆ. "ಇದರಲ್ಲಿ ಬೆಳೆ ಯಾವುದು ಕೇಳಿ," ಅಂದರು ದೊರೆ. ಉಪಾಧ್ಯರು ಕೇಳಿದರು.

"ದೊರೆ ಊಟಕ್ಕೆ ಒಂದೇ ಪದಾರ್ಥ ಹಾಕಿಕೊಳ್ಳುವುದಾ?" ಅಂತ ಅಪ್ಪಿಯಕ್ಕ.

ಉಪಾಧ್ಯರು ಇದನ್ನು ಇಂಗ್ಲಿಷಿಗೆ ತಿರುಗಿಸುವಾಗ ಬಹಳ ಗೌರವದ ಮಾತುಗಳನ್ನು ಸೇರಿಸಿದರು. ಕೊನೆಗೆ ನಾವು ತೆಂಗಿಗೆ ಹಳದಿ ವಾಶ್ ಕೊಟ್ಟು, ಕೆಳಗಿನ ಬೆಳೆಗೆ ಮೇಲೆ ಚುಕ್ಕೆ ಇಡುವುದು ಅಂತ ಮಾಡಿದೆವು. ಇನ್ನೊಂದು ಪೇಚು. ಬೇಸಿಗೆಯಲ್ಲಿ ಸೌತೆ, ಹರಿವೆ ಇದ್ದ ಬೈಲಿನಲ್ಲಿ ಮಳೆ ಬಂದ ಮೇಲೆ ಭತ್ತ. ನಾನು ತರಕಾರಿ ಅಂತ ಹಾಕಿದ ನಕ್ಷೆ ಜೂನಿನಲ್ಲಿ ಸುಳ್ಳಾಯಿತು. ಆಗ ದೊರೆ ಒಂದೊಂದು ಕಾಲಕ್ಕೆ ಒಂದೊಂದು ಹಾಳೆ ಮಾಡಿಸಿ, ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರು. ಒಂದೇ ಕುದ್ರು, ಮೂರು ಸೀರೆ. ನೀವೀಗ ಲೇಯರ್ ಅಂತ ಹೇಳುವುದನ್ನು ನಾವು ಕಿಟಕಿಯ ಗಾಜಿಗೆ ಒತ್ತಿ ಹಿಡಿದು ನೋಡಿದವರು. ಕೈ ಸೋತು ಹೋಗುತ್ತಿತ್ತು, ಆದರೂ ಇಳಿಸಲಿಕ್ಕೆ ಮನಸ್ಸು ಬರುತ್ತಿರಲಿಲ್ಲ.

ಇದೆಲ್ಲ ತಮಾಷೆಯ ಭಾಗ. ತಮಾಷೆ ನಿಂತದ್ದು ಕಾಂಡ್ಲದ ಹತ್ತಿರ.

ಕಾಂಡ್ಲ ಅಂದರೆ ಉಪ್ಪುನೀರಿನ ಅಂಚಿನಲ್ಲಿ, ಬೇರುಗಳನ್ನು ಕಾಲಿನ ಹಾಗೆ ಊರಿ ನಿಲ್ಲುವ ಮರ. ಕುದ್ರುವಿನ ಪಡುವಣ ಅಂಚಿನಲ್ಲಿ, ಗದ್ದೆಯ ಮಣ್ಣಿನ ಕಟ್ಟಕ್ಕೆ ತಾಗಿ, ದಟ್ಟವಾಗಿ ಇತ್ತು. ಮೂಡಣ ಅಂಚಿನಲ್ಲೂ ಇತ್ತು. ದೊರೆ ಅದರ ಹೊರಗಿನಿಂದ ಚೈನು ಎಳೆಸಿ ಅಳತೆ ತೆಗೆದು, "ಮ್ಯಾಂಗ್ರೋವ್. ನ್ಯಾಚುರಲ್. ನೀಲಿ," ಅಂದರು.

ಅಪ್ಪಿಯಕ್ಕ ನೀಲಿ ಅಂದರೆ ಏನು ಅಂತ ಕೇಳಿದರು. ಉಪಾಧ್ಯರು ಹೇಳಿದರು. ಅಪ್ಪಿಯಕ್ಕನ ಮುಖದ ನಗೆ ಹೋಯಿತು.

"ಇದು ನಾವು ನೆಟ್ಟದ್ದು."

"ಅಕ್ಕ, ಕಾಂಡ್ಲವನ್ನು ಯಾರೂ ನೆಡುವುದಿಲ್ಲ, ತಾನೇ ಹುಟ್ಟುತ್ತದೆ ಅಂತ ದೊರೆ ಹೇಳ್ತಾರೆ."

"ದೊರೆ ಈ ಊರಿಗೆ ಬಂದು ಎಷ್ಟು ಸಮಯ ಆಯ್ತು ಉಪಾಧ್ಯರೇ? ಇದನ್ನು ಕಡಿದರೆ ಬರುವ ಆಟಿ ತಿಂಗಳ ನೆರೆಗೆ ಕಟ್ಟ ಇಲ್ಲ. ಕಟ್ಟ ಇಲ್ಲದಿದ್ದರೆ ಉಪ್ಪುನೀರು ಬೈಲಿಗೆ. ಒಮ್ಮೆ ಒಳಗೆ ಬಂದ ಉಪ್ಪು ತೊಳೆದು ಹೋಗಲಿಕ್ಕೆ ಎಷ್ಟು ಮಳೆ ಬೇಕು ನಿಮಗೆ ಗೊತ್ತುಂಟಾ? ಅಷ್ಟು ವರ್ಷ ಮಕ್ಕಳಿಗೆ ಎಂತ ಬಡಿಸುವುದು?"

"ಮೂಡಣ ಕಡೆಯದ್ದೂ ನೀವು ನೆಟ್ಟದ್ದಾ?" ಅಂತ ನಾನು ಕೇಳಿದೆ.

"ಅದು ಅಲ್ಲ ಬಾಯಿ. ಅದು ತಾನೇ ಬಂದದ್ದು. ಸುಳ್ಳು ಯಾಕೆ ಹೇಳಲಿ?"

ಈ ಮಾತನ್ನೇ ನಾನು ದೊರೆಗೆ ಎತ್ತಿ ಹೇಳಿದೆ. ಒಂದು ಕಡೆಯದ್ದು ನಮ್ಮದಲ್ಲ ಎಂದವರು ಇನ್ನೊಂದರ ಬಗ್ಗೆ ಸುಳ್ಳು ಹೇಳಿಯಾರಾ ಅಂತ. ಅವರು ಒಳ್ಳೆಯವರೇ, ಸಿಟ್ಟಾಗಲಿಲ್ಲ. ಆದರೆ ಕೃಷಿಗೆ ಗುರುತು ಬೇಕು, ಸಾಲು ಬೇಕು, ಬೇಲಿ ಬೇಕು, ಇಲ್ಲಿ ಯಾವುದೂ ಕಾಣುವುದಿಲ್ಲ ಅಂದರು. "ಮಿಸ್ ಪಿಂಟೊ, ಅವರ ಮಾತಿಗೆ ಬಣ್ಣ ಹಾಕಲಿಕ್ಕಾಗುವುದಿಲ್ಲ." ನಾನು ಕಚೇರಿಗೆ ಬಂದು ಪಡುವಣ ಅಂಚಿಗೆ ನೀಲಿ ಇಳಿಸಿದೆ. ವಾಶ್ ಚೆನ್ನಾಗಿಯೇ ಬಂತು. ಆ ದಿನ ಮನೆಯಲ್ಲಿ ಊಟಕ್ಕೆ ಕೂತು ಮಮ್ಮಾನ ಹತ್ತಿರ ಸುಮ್ಮಸುಮ್ಮನೆ ಜಗಳ ಮಾಡಿದೆ.

ಮಳೆಗಾಲದ ನಡುವೆ ಹಳದಿ ಬಣ್ಣದ ಬಿಲ್ಲೆ ಮುಗಿಯಿತು. ವಿಲಾಯತಿಯಿಂದ ಹಡಗಿನಲ್ಲಿ ಬರುವ ಸಾಮಾನು, ಯುದ್ಧದಲ್ಲಿ ಎಲ್ಲಿಂದ ತರುವುದು? ಉಪಾಧ್ಯರು, "ಅರಸಿನ ಉಂಟಲ್ಲ ಮಿಸ್ಸು," ಅಂದರು. ನಾನು ಮನೆಯಿಂದ ಅರಸಿನ ತೇದು ತಂದು, ಮಲ್ಮಲ್ ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಅಂಟು ಸೇರಿಸಿ ಭತ್ತದ ಬೈಲಿಗೆ ವಾಶ್ ಕೊಟ್ಟೆ. ಎಂಥ ಹಳದಿ ಅಂತೀರಿ. ವಿಲಾಯತಿ ಬಿಲ್ಲೆಯ ಹಳದಿಗೆ ಅದರ ಪಕ್ಕ ಕೂತುಕೊಳ್ಳಲಿಕ್ಕೆ ನಾಚಿಕೆ ಆಗಬೇಕು. ಇಡೀ ಕಚೇರಿಗೆ ಪಲ್ಯದ ಪರಿಮಳ.

ಮರುದಿನ ಹ್ಯಾಲಿಡೇ ದೊರೆ ಭೂತಗನ್ನಡಿ ಹಿಡಿದು ನಕ್ಷೆಯ ಮೇಲೆ ಬಗ್ಗಿದವರು ಹಾಗೆಯೇ ನಿಂತರು. ಬೈಲಿನಲ್ಲಿ, ಪಡುವಣ ಕಟ್ಟದ ಹತ್ತಿರ, ಒಂದು ಕೆಂಪು ತುಂಡು.

"ಮಿಸ್ ಪಿಂಟೊ, ಇದು ದ್ರಾಕ್ಷಿ ತೋಟದ ಬಣ್ಣ."

ನಾನು ಹಾಕಿದ್ದಲ್ಲ ಅಂದೆ. ಉಪಾಧ್ಯರು ತಾನೂ ಅಲ್ಲ ಅಂದರು, ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಯಾರೋ ಯಾವುದೋ ಹೊಸ ಬೆಳೆಯ ಸುದ್ದಿ ಕೇಳಿ ಗುರುತು ಮಾಡಿರಬೇಕು ಅಂತ ದೊರೆಗೆ ಹೊಕ್ಕಿತು. ಹೊಸ ಬೆಳೆ ಅಂದರೆ ಅವರ ಕಿವಿ ನೆಟ್ಟಗಾಗುತ್ತಿತ್ತು. "ಈಗಲೇ ಹೋಗಿ ನೋಡುವುದು," ಅಂದರು. ಜೋರು ಮಳೆಯ ಆಟಿ ಕಳೆದು ಸೋಣ ತಿಂಗಳು, ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಇಳಿತಕ್ಕೆ ಮುಂಚೆ ತಲುಪಬೇಕು ಅಂತ ಅವಸರದಿಂದ ದೋಣಿ ಹತ್ತಿದೆವು. ಕುದ್ರುವಿಗೆ ಯಾರೂ ಹೇಳಿ ಕಳಿಸಲಿಲ್ಲ, ಹೇಳಿ ಕಳಿಸಲಿಕ್ಕೆ ಸಮಯವೂ ಇರಲಿಲ್ಲ.

ನಡುನೀರಿನಲ್ಲಿ ದೊರೆ ನಕ್ಷೆ ಬಿಡಿಸಿದರು. ಉಪಾಧ್ಯರು ಆಗಷ್ಟೇ ಎಲೆಗೆ ಸುಣ್ಣ ಹಚ್ಚಿ ಬಾಯಿಗೆ ಹಾಕಿದ್ದರು. "ಇಲ್ಲಿ ಸರ್, ಈ ಜಾಗಕ್ಕೆ ಹತ್ತಿರ ಇಳಿಯಲಿಕ್ಕೆ ಆಗುವುದು ಇಲ್ಲಿ," ಅಂತ ಹೆಬ್ಬೆರಳು ಒತ್ತಿ ತೋರಿಸಿದರು. ಕೈ ಎತ್ತಿದರು. ಹಳದಿ ಬೈಲಿನ ಮೇಲೆ, ನಮ್ಮೆಲ್ಲರ ಕಣ್ಣೆದುರೇ, ಇನ್ನೊಂದು ದ್ರಾಕ್ಷಿ ತೋಟ ಅರಳಿತು.

ಅರಸಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆ ಅಂತ ಗೊತ್ತಿಲ್ಲದ ಮನೆ ನಮ್ಮ ಊರಲ್ಲಿ ಇಲ್ಲ. ಆರತಿಯ ನೀರನ್ನು ದಿನಾ ಹಾಗೆ ಕದಡುವ ಮನೆತನದವರು ಉಪಾಧ್ಯರು. ಆದರೂ ನಕ್ಷೆ ಅಂದ ಮೇಲೆ ಅದು ಅರಸಿನ ಅಂತ ನಮಗಿಬ್ಬರಿಗೂ ನೆನಪೇ ಹೋಗಿತ್ತು. ಉಪಾಧ್ಯರು ತಮ್ಮ ಬೆರಳು ನೋಡಿಕೊಂಡರು, ನಕ್ಷೆ ನೋಡಿದರು, ಬಾಯಿ ತುಂಬ ಎಲೆ, ಉಗುಳುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ನಾನೇ ಇಂಗ್ಲಿಷಿನಲ್ಲಿ ಕೆಮಿಸ್ಟ್ರಿ ವಿವರಿಸಬೇಕಾಯಿತು. ದೊರೆ ಬಹಳ ಹೊತ್ತು ನೀರು ನೋಡುತ್ತ ಕೂತರು. ಭುಜ ಅಲುಗುತ್ತಿತ್ತು. ನಗುತ್ತಿದ್ದಾರೆ ಅಂತ ಗೊತ್ತಾಗಲಿಕ್ಕೆ ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಹಿಂದೆ ಹೋಗುವಾ," ಅಂದರು ಕಡೆಗೆ.

ದೋಣಿಯವರು ಒಪ್ಪಲಿಲ್ಲ. ಇಳಿತ ಸುರುವಾಗಿದೆ, ನೀರು ತಿರುಗುವ ತನಕ ಕುದ್ರುವಿನಲ್ಲಿ ಕೂರುವುದೇ ಒಳ್ಳೆಯದು ಅಂದರು. ಹಾಗೆ, ಒಂದು ಸುಣ್ಣದ ಬೆರಳಿನಿಂದಾಗಿ, ನಾವು ಬರಲಿಕ್ಕಿಲ್ಲದ ದಿನ ಪಡುವಣ ಅಂಚಿಗೆ ಬಂದೆವು.

ನೀರು ಇಳಿದು ಕೆಸರು ಬಯಲಾಗಿತ್ತು. ಅದರಲ್ಲಿ ತೊಡೆಯವರೆಗೆ ಹೂತು ಅಪ್ಪಿಯಕ್ಕ, ಅವರ ಹೆಣ್ಣುಮಕ್ಕಳು, ತಂಗಿಯರು ಅಡ್ಡಕ್ಕೆ ನಿಂತಿದ್ದರು. ಸೊಂಟದಲ್ಲಿ ಬುಟ್ಟಿ. ಬುಟ್ಟಿಯಲ್ಲಿ ನುಗ್ಗೆಕಾಯಿಯ ಹಾಗೆ ಉದ್ದದ ಹಸಿರು ಕೋಡು. ಕಾಂಡ್ಲದ ಕೋಡು, ಮರದಲ್ಲಿರುವಾಗಲೇ ಮೊಳೆತು ಇಳಿಬಿದ್ದದ್ದು. ಆಟಿಯ ನೆರೆ ಕಿತ್ತುಕೊಂಡು ಹೋದ ಸಂದಿಗಳಲ್ಲಿ ಅದನ್ನು ಒಂದೊಂದಾಗಿ ಊರುತ್ತಿದ್ದರು. ನಾವು ಬಂದದ್ದನ್ನು ನೋಡಿ ಯಾರೂ ಕೈ ನಿಲ್ಲಿಸಲಿಲ್ಲ. ನೀರು ವಾಪಸು ಬರುವ ಮೊದಲು ಮುಗಿಯಬೇಕಲ್ಲ.

ದೊರೆ ದಡದಲ್ಲಿ ನಿಂತು ಟೋಪಿ ತೆಗೆದರು. "ಪ್ರತಿ ವರ್ಷವೂ ಮಾಡ್ತಾರಾ ಕೇಳಿ."

"ಹಲ್ಲು ಬಿದ್ದ ಕಡೆ ಹಲ್ಲು ಕಟ್ಟುವುದು," ಅಂದರು ಅಪ್ಪಿಯಕ್ಕ. "ನನ್ನ ಅಜ್ಜಿ ಕಟ್ಟಿದ್ದು ಒಳಗೆ ಉಂಟು. ದೊರೆಗೆ ಸೊಂಟ ಬಗ್ಗುವುದಾದರೆ ಹೋಗಿ ನೋಡಲಿ."

ಉಪಾಧ್ಯರು ಈ ಸಲ ಗೌರವದ ಮಾತು ಸೇರಿಸದೆ ಹಾಗೆಯೇ ತಿರುಗಿಸಿದರು. ದೊರೆ ಶೂ ಬಿಚ್ಚಿ, ಬೇರುಗಳ ನಡುವೆ ಬಗ್ಗಿ, ಕತ್ತಲೆಯಂಥ ಆ ಹಸಿರಿನೊಳಗೆ ಹೋದರು. ಕೊಂಬೆ ಮುರಿಯುವ ಸದ್ದು, ಒಮ್ಮೆ ಇಂಗ್ಲಿಷ್ ಬೈಗುಳ. ನಾನು ಸೀರೆ ಎತ್ತಿಕೊಂಡು ಹಿಂದೆಯೇ ಹೋದೆ. ಕಾಯಲಿಕ್ಕೆ ಆಗಲಿಲ್ಲ.

ಹೊರಗಿನಿಂದ ಬರೀ ಬಲ್ಲೆ, ದಟ್ಟ ಪೊದೆ. ಒಳಗೆ ಸಾಲು. ಕಟ್ಟಕ್ಕೆ ಸಮವಾಗಿ, ಒಂದರ ಹಿಂದೆ ಒಂದು, ನಮ್ಮ ಇಗರ್ಜಿಯ ಬೆಂಚಿನ ಹಾಗೆ ಸಾಲು ಸಾಲು ಬುಡ. ಎಲ್ಲ ಬುಡವೂ ನೀರಿನ ಸೆಳೆತದ ಎದುರಿಗೆ ಸ್ವಲ್ಪ ವಾಲಿದ್ದು, ಕೈಯಲ್ಲಿ ಓರೆ ಊರಿದ್ದು. ಮೇಲೆ ಕೊಂಬೆಗಳು ಹೆಣೆದು ಎಲ್ಲವನ್ನೂ ಮುಚ್ಚಿಬಿಟ್ಟಿದ್ದವು. ದೊರೆ ಒಂದು ಬುಡಕ್ಕೆ ಕೈ ಇಟ್ಟು, ಮುಂದಿನದ್ದಕ್ಕೆ ಇಟ್ಟು, ಅದರ ಮುಂದಿನದ್ದಕ್ಕೆ ಇಟ್ಟು ಹೋಗುತ್ತಿದ್ದರು. ಮುಖ ಪೂರ್ತಿ ಕೆಸರು. "ರೋಸ್," ಅಂತಿದ್ದರು, "ಮಿಸ್ ಪಿಂಟೊ, ದೇ ಆರ್ ಇನ್ ರೋಸ್." ಸಾಲಿನಲ್ಲಿ ಉಂಟು ಅಂತ. ನನಗೆ ಅಳು ಬಂದಿತ್ತು, ಯಾಕೆಂದು ಕೇಳಬೇಡಿ. ಕೆಲಸದಲ್ಲಿ ಒಂದೆರಡು ಸಲ ಹಾಗೆ ಬರುತ್ತದೆ, ನಿಮಗೂ ಬರಲಿ.

ವಾಪಸು ಬರುವಾಗ ದೋಣಿಯಲ್ಲಿ ಅವರು ಆ ಮೆಡಿಟರೇನಿಯನ್ ದ್ವೀಪದ ಒಂದು ವಿಷಯ ಹೇಳಿದರು. ಅಲ್ಲಿ ಒಂದು ಗುಡ್ಡದ ತುಂಬ ಕಾಡು ಆಲಿವ್. ಅವರು ಅದಕ್ಕೆ ನೀಲಿ ಹಾಕಿದರು. ಕಾಡು ಅಂತ ಆಯಿತು, ಊರವರು ಒಳಗೆ ಹೋಗಬಾರದು ಅಂತ ಆಯಿತು. ಆಮೇಲೆ ಗೊತ್ತಾದದ್ದು, ಊರವರ ಹಿರಿಯರು ಆ ಕಾಡು ಬುಡಗಳಿಗೇ ಊರ ಆಲಿವಿನ ಕಸಿ ಕಟ್ಟಿದ್ದರು. ಬುಡ ಕಾಡಿನದ್ದು, ಕಾಯಿ ಊರಿನದ್ದು.

"ನಾನು ಅದರ ಸುತ್ತ ನಡೆದೆ. ಒಳಗೆ ಹೋಗಲಿಲ್ಲ," ಅಂದರು.

ಮರುದಿನ ಪಡುವಣ ಅಂಚಿನ ಹಾಳೆಯನ್ನು ಹೊಸತಾಗಿ ತೆಗೆದು, ಕಾಂಡ್ಲಕ್ಕೆ ಹಳದಿ ಇಳಿಸಿದೆ. ಉಪಾಧ್ಯರು ಪಾಪ ಮೂರು ಸಲ ಕೈ ತೊಳೆದು ಬಂದು ಗೆರೆ ಎಳೆದರು. ದೊರೆ ಸೈನ್ ಮಾಡಿದರು. ಕಾಂಡ್ಲ ಬೆಳೆ ಹೇಗೆ ಆಗುತ್ತದೆ ಅಂತ ಮೇಲಿನಿಂದ ಪ್ರಶ್ನೆ ಬಂತು. ದೊರೆ, ಬೇಕಾದವರು ಬಂದು ಕೆಸರಿಗೆ ಇಳಿದು ನೋಡಬಹುದು ಅಂತ ಉತ್ತರ ಕೊಟ್ಟರು. ಯಾರೂ ಬರಲಿಲ್ಲ. ಪಡುವಣ ಅಂಚು ಉಳಿಯಿತು. ಅಂದಿನಿಂದ ನಮ್ಮಲ್ಲಿ ಒಂದು ಕ್ರಮ ಆಯಿತು, ಒಳಗೆ ಹೋಗದೆ ಯಾವ ತುಂಡಿಗೂ ಬಣ್ಣ ಇಲ್ಲ. ನಾನು ನಿವೃತ್ತಿಯ ತನಕ ಅದನ್ನು ಬಿಡಲಿಲ್ಲ, ನನ್ನ ಕೈಕೆಳಗಿನವರು ಅದಕ್ಕಾಗಿ ನನ್ನನ್ನು ಎಷ್ಟು ಬೈದಿದ್ದಾರೋ.

ಮೂಡಣ ಅಂಚಿನ ಒಳಗೂ ಹೋದೆವು. ಅಲ್ಲಿ ಸಾಲಿಲ್ಲ. ಹೇಗೆ ಬೇಕಾದರೆ ಹಾಗೆ ಹುಟ್ಟಿದ್ದು, ಅಪ್ಪಿಯಕ್ಕ ಹೇಳಿದ ಹಾಗೆಯೇ. ನೀಲಿ ಅದಕ್ಕೆ ಸರಿಯಾದ ಬಣ್ಣ, ನೀಲಿಯನ್ನೇ ಹಾಕಿದೆ. ಚಳಿಗಾಲದಲ್ಲಿ ಗುತ್ತಿಗೆಯವರು ಬಂದು ಪೂರ್ತಿ ಕಡಿದರು. ಬಂದರಿನ ಕಿಟಕಿಯಿಂದ ನಾನು ಕಟ್ಟಿಗೆಯ ದೋಣಿಗಳನ್ನು ಕಂಡೆ. ಮುಂದಿನ ಆಟಿಯಲ್ಲಿ ನದಿ ಮೂಡಣ ದಡವನ್ನು ರೊಟ್ಟಿಯ ಹಾಗೆ ಕಚ್ಚಿತು, ತೆಂಗಿನ ಮರಗಳು ನೀರಿಗೆ ವಾಲಿದವು. ನಕ್ಷೆಯಲ್ಲಿ ಒಂದೂ ತಪ್ಪಿರಲಿಲ್ಲ. ತಾನಾಗಿ ಬಂದ ಮರವೂ ದಡ ಹಿಡಿಯುತ್ತದೆ ಎಂದು ಹೇಳಲಿಕ್ಕೆ ನಮ್ಮ ಕೀಯಲ್ಲಿ ಜಾಗವೇ ಇರಲಿಲ್ಲ, ಅಷ್ಟೇ.

ಹ್ಯಾಲಿಡೇ ದೊರೆಗೆ ಅಷ್ಟರಲ್ಲಿ ಬೇರೆ ಕಡೆಗೆ ವರ್ಗ ಆಗಿತ್ತು. ಸೋಣದಲ್ಲಿ ಬೆಂಗ್ರೆಯ ದೋಣಿಯವರ ಬಾಯಲ್ಲಿ ಅಪ್ಪಿಯಕ್ಕ ಹೇಳಿ ಕಳಿಸಿದರು, ಮೂಡಣ ಕಡೆಗೆ ಕೋಡು ಊರುವುದು ಉಂಟು, ಕೈ ಸಾಲದು, ಪಿಂಟೊ ಬಾಯಿಗೆ ರಜೆ ಸಿಗುತ್ತದಾ ಅಂತ. ಉಪಾಧ್ಯರೇ ರಜೆ ಕೊಟ್ಟರು, "ಮಿಸ್ಸು, ಶೂ ಮನೆಯಲ್ಲಿ ಇಟ್ಟು ಹೋಗಿ," ಅಂದರು. ನಾನು ಅಪ್ಪಿಯಕ್ಕನ ಹಳೆ ಸೀರೆ ಉಟ್ಟು ಕೆಸರಿಗೆ ಇಳಿದೆ. ಮಳೆ ಬಂತು, ಹೋಯಿತು. ಹೆಂಗಸರು ಪಾಡ್ದನದ ಹಾಡು ಹೇಳಿಕೊಂಡು ಊರುತ್ತ ಮುಂದೆ ಹೋದರು, ನಾನು ಹಿಂದೆ ಬಿದ್ದೆ.

"ಕಾನ್ವೆಂಟಿನ ಬಾಯಿ, ಕಾಗದದ ಮೇಲೆ ಗೆರೆ ನೇರ ಬರ್ತದಲ್ಲ, ಇಲ್ಲಿ ಎಂತ ಆಯ್ತು?" ಅಂತ ಅಪ್ಪಿಯಕ್ಕ.

"ಕಾಗದ ಕಾಲು ಹಿಡಿದು ಎಳೆಯುವುದಿಲ್ಲ ಅಕ್ಕ."

ಕೆಲವು ವರ್ಷ ಕಳೆಯಿತು. ಯುದ್ಧ ಮುಗಿಯಿತು, ಕಚೇರಿ ಬೇರೆಯವರ ಕೈಗೆ ಬಂತು, ಕುದ್ರುಗಳ ನಕ್ಷೆಯನ್ನು ಪರಿಷ್ಕರಿಸಬೇಕು ಅಂತ ಆಯಿತು, ಹಾಳೆ ನನ್ನ ಮೇಜಿಗೇ ಬಂತು. ಕ್ರಮ ಕ್ರಮವೇ, ಒಳಗೆ ಹೋಗದೆ ಬಣ್ಣ ಇಲ್ಲ. ದೋಣಿ ಹತ್ತಿ ಹೋದೆ. ಮೂಡಣ ಅಂಚಿನಲ್ಲಿ ಕಾಂಡ್ಲ ನನ್ನ ತಲೆಗಿಂತ ಮೇಲೆ ಬೆಳೆದಿತ್ತು. ಬಗ್ಗಿ ಒಳಗೆ ಹೋದೆ. ಸಾಲು, ಸಾಲು, ಸಾಲು. ಹೊಸ ಇನ್‌ಸ್ಪೆಕ್ಟರು ಹಿಂದಿನಿಂದ ಬಂದು, ಹಳೆ ಹಾಳೆಯಲ್ಲಿ ಇಲ್ಲಿ ನೀಲಿ ಉಂಟಲ್ಲ, ಯಾವುದು ಸರಿ ಅಂತ ಕೇಳಿದರು. ಎರಡೂ ಸರಿ ಅಂದೆ. ಹೊಸ ಹಾಳೆಗೆ ಹಳದಿ ಬರೆದುಕೊಳ್ಳಿ ಅಂದೆ.

ಅಪ್ಪಿಯಕ್ಕ ನಮಗಿಂತ ಮುಂದೆ ಹೋಗಿ, ಒಂದು ಕಡೆ ನಿಂತು ಕಾಯುತ್ತಿದ್ದರು. ಅಲ್ಲಿ ಒಂದು ಸಾಲು ನೇರ ಹೋಗಿ, ನಡುವೆ ಎಡಕ್ಕೆ ತಪ್ಪಿ, ಮತ್ತೆ ಬಲಕ್ಕೆ ಬಂದು, ಹೇಗೋ ಕೊನೆ ಮುಟ್ಟಿತ್ತು. ಮರಗಳು ಮಾತ್ರ ಉಳಿದವುಗಳ ಹಾಗೆಯೇ ಗಟ್ಟಿ.

"ಇನ್‌ಸ್ಪೆಕ್ಟರೇ, ಇದನ್ನು ಸರಿಯಾಗಿ ನೋಡಿಕೊಳ್ಳಿ," ಅಂದರು. "ಇದು ಕಾನ್ವೆಂಟಿನವರು ನೆಟ್ಟ ಸಾಲು."